ಹೋಗಿ ಬರಬೇಕಿಲ್ಲದ ವಿಮಾನ

ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಮುಂದೆ ದಿನಾ ಓಡಾಡುವವರಲ್ಲೂ ಅದರ ವಯಸ್ಸು ಬಲ್ಲವರು ಕಡಿಮೆ. ಮೈಸೂರು ಸಂಸ್ಥಾನ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭಿಸಿದ್ದು ಅದು. ಯಾವ ಮರ ಎಷ್ಟು ಭಾರ ತಡೆದೀತು, ಒಣಗಿದ ಮೇಲೆ ಯಾವುದು ಸೊಟ್ಟಗಾದೀತು ಎಂಬುದು ನಮಗೀಗ ಬಾಗಿಲು, ಮಂಚ ಮಾಡಿಸುವಾಗಿನ ಚಿಂತೆ. 1940ರ ಆಸುಪಾಸಿನಲ್ಲಿ ಅದು ವಿಮಾನ ಕಟ್ಟುವವರ ಚಿಂತೆಯೂ ಆಗಿತ್ತು. ಸಿಕ್ಕ ಅಲ್ಯೂಮಿನಿಯಂ ಅಷ್ಟನ್ನೂ ಯುದ್ಧವೇ ನುಂಗುತ್ತಿದ್ದಾಗ ವಿಮಾನ ಕಾರ್ಖಾನೆಗಳು ಬಡಗಿಗಳ ಕೈಕಾಲು ಹಿಡಿಯಬೇಕಾಗಿ ಬಂತು.

ಅದೇ ಹೊತ್ತಿಗೆ ಬೆಂಗಳೂರಿಗೂ ವಿಮಾನ ಕಾರ್ಖಾನೆ ಬಂತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಹಟ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮುತುವರ್ಜಿ, ಮೈಸೂರು ಸರ್ಕಾರದ ಜಮೀನು ಮತ್ತು ಬಂಡವಾಳ ಸೇರಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮೊದಲ ಕಚೇರಿ ದೊಮ್ಮಲೂರು ರಸ್ತೆಯ ‘ಈವನ್‌ಟೈಡ್’ ಎಂಬ ಬಂಗಲೆ. ಅಮೆರಿಕದ ಹಾರ್ಲೊ ತರಬೇತಿ ವಿಮಾನ, ಕರ್ಟಿಸ್ ಹಾಕ್ ಯುದ್ಧವಿಮಾನಗಳು ಇಲ್ಲಿ ಜೋಡಣೆಯಾದ ಕಥೆ ಎಲ್ಲರ ಬಾಯಲ್ಲಿದೆ. ಆದರೆ ಇಲ್ಲಿಯವರೇ ಕೂತು ಲೆಕ್ಕ ಹಾಕಿ, ನಕ್ಷೆ ಬರೆದ ಮೊದಲ ವಿಮಾನ ಯಾವುದು? ಜಿ-1 ಎಂಬ ಗ್ಲೈಡರ್. ಎಂಜಿನ್ ಇಲ್ಲ. ಹತ್ತು ಜನ ಕೂರುವಷ್ಟು ಜಾಗ, ಇಲ್ಲವಾದರೆ ಸರಕು. 1941ರಲ್ಲಿ ಕೆಲಸ ಶುರುವಾಯಿತು.

ಅದರ ವಿನ್ಯಾಸಕಾರರು ಡಾ. ವಿ.ಎಂ. ಘಾಟಗೆ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಲುಡ್‌ವಿಗ್ ಪ್ರಾಂಟ್ಲ್ ಅವರ ಕೈಕೆಳಗೆ ಡಾಕ್ಟರೇಟ್ ಮಾಡಿ ಬಂದವರು. ಗಾಳಿ ರೆಕ್ಕೆಯ ಮೇಲೆ ಹೇಗೆ ಹರಿಯುತ್ತದೆ ಎಂಬುದನ್ನು ಆ ಕಾಲದಲ್ಲಿ ಪ್ರಾಂಟ್ಲ್‌ಗಿಂತ ಚೆನ್ನಾಗಿ ಹೇಳಿಕೊಡಬಲ್ಲ ಮೇಷ್ಟ್ರು ಇರಲಿಲ್ಲ. ಮಲ್ಲೇಶ್ವರದ ಮಗ್ಗುಲಲ್ಲೇ ಇರುವ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ 1942ರ ಡಿಸೆಂಬರ್‌ನಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ತೆರೆದಾಗ ಮೊದಲ ಮುಖ್ಯಸ್ಥರೂ ಘಾಟಗೆಯವರೇ.

ಜಿ-1 ಒಂದೇ ಒಂದು ತಯಾರಾಯಿತು, ಅದರಾಚೆಗೆ ಹೋಗಲಿಲ್ಲ. 1942ರಲ್ಲಿ ಕಾರ್ಖಾನೆಯನ್ನು ಭಾರತ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು, ಮರುವರ್ಷ ಅದು ಅಮೆರಿಕನ್ ವಾಯುಪಡೆಯ 84ನೇ ಏರ್ ಡಿಪೊ ಆಯಿತು. ಬರ್ಮಾ ರಂಗದಿಂದ ಜರ್ಜರಿತವಾಗಿ ಬರುವ ವಿಮಾನಗಳನ್ನು ರಿಪೇರಿ ಮಾಡಿ ಕಳಿಸುವ ಧಾವಂತದಲ್ಲಿ ಸ್ವಂತ ವಿನ್ಯಾಸಕ್ಕೆ ಪುರಸೊತ್ತೆಲ್ಲಿ? ಆದರೂ ಆ ಒಂದು ಗ್ಲೈಡರ್ ವ್ಯರ್ಥವಾಯಿತೆಂದು ನನಗೆ ಅನ್ನಿಸುವುದಿಲ್ಲ. 1951ರ ಆಗಸ್ಟ್ 5ರಂದು ಹಾರಿದ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸಕ್ಕೂ ಘಾಟಗೆಯವರದೇ ಸಾರಥ್ಯ. ಎಂಜಿನ್ನಿನ ತಂಟೆಯಿಲ್ಲದೆ ರೆಕ್ಕೆ, ಬಾಲ, ತೂಕಗಳ ಲೆಕ್ಕದಲ್ಲಿ ಕೈ ಪಳಗಿಸಿಕೊಳ್ಳಲು ಗ್ಲೈಡರ್‌ಗಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಯುದ್ಧದ ಗ್ಲೈಡರ್ ಅಂದರೆ ಒಮ್ಮೆ ಹೋದರೆ ವಾಪಸ್ ಬರಬೇಕಿಲ್ಲದ ವಿಮಾನ. ಆ ಕಲ್ಪನೆ ದೊಡ್ಡ ಪ್ರಮಾಣದಲ್ಲಿ ಪ್ರಯೋಗವಾದ ಕಡೆಗಳಲ್ಲಿ ನಮ್ಮ ಪೂರ್ವದ ಗಡಿಯೂ ಒಂದು. 1944ರ ಮಾರ್ಚ್ 5ರ ರಾತ್ರಿ ಅಸ್ಸಾಮಿನ ಲಾಲಾಘಾಟ್‌ನಿಂದ ಡಕೋಟಾಗಳು ತಲಾ ಎರಡೆರಡು ವಾಕೊ ಗ್ಲೈಡರ್‌ಗಳನ್ನು ಹಗ್ಗಕ್ಕೆ ಕಟ್ಟಿಕೊಂಡು ಬರ್ಮಾದ ಕಾಡಿನತ್ತ ಹೊರಟವು. ಒಳಗೆ ಸೈನಿಕರು, ಹೇಸರಗತ್ತೆಗಳು, ಪುಟ್ಟ ಬುಲ್ಡೋಜರ್‌ಗಳು. ಭಾರ ಮಿತಿಮೀರಿ ದಾರಿಯಲ್ಲೇ ಕೆಲವು ಹಗ್ಗ ಹರಿದವು. ಇಳಿದವುಗಳಲ್ಲೂ ಬಹಳಷ್ಟು ಒಂದಕ್ಕೊಂದು ಡಿಕ್ಕಿ ಹೊಡೆದು ಪುಡಿಯಾದವು. ಆದರೂ ಮರುದಿನದೊಳಗೆ ಗ್ಲೈಡರ್‌ಗಳು ಇಳಿದ ಬಯಲಲ್ಲಿ ಡಕೋಟಾ ಇಳಿಯುವಂಥ ರನ್‌ವೇ ಸಿದ್ಧವಾಗಿತ್ತು.

ವಾಕೊ ಗ್ಲೈಡರ್ ಅಂದರೆ ಉಕ್ಕಿನ ಕೊಳವೆಯ ಚೌಕಟ್ಟು, ಅದಕ್ಕೆ ಬಿಗಿದ ಬಟ್ಟೆ, ಮರದ ರೆಕ್ಕೆ. ಅಮೆರಿಕದಲ್ಲಿ ಇಂಥವು 13 ಸಾವಿರಕ್ಕೂ ಹೆಚ್ಚು ತಯಾರಾದವು. ಪಿಯಾನೊ ಮಾಡುವ ಸ್ಟೈನ್‌ವೇ ಕಂಪನಿಯೂ ಬಿಡಿಭಾಗ ಮಾಡಿಕೊಟ್ಟಿತು. ಬೆಲೆಯ ಕಥೆ ಇನ್ನೂ ಸ್ವಾರಸ್ಯ. ಸಾವಿರಗಟ್ಟಲೆ ಮಾಡಿದ ಫೋರ್ಡ್ ಕಂಪನಿಗೆ ಒಂದಕ್ಕೆ ಸುಮಾರು 15 ಸಾವಿರ ಡಾಲರ್ ಬಿದ್ದರೆ, ಗುತ್ತಿಗೆ ಹಿಡಿದು ಒಂದೇ ಒಂದನ್ನು ಮುಗಿಸಿಕೊಟ್ಟ ಇನ್ನೊಂದು ಕಂಪನಿಯ ಗ್ಲೈಡರ್‌ಗೆ 17 ಲಕ್ಷ ಡಾಲರ್ ದಾಟಿತ್ತು. ಅಗ್ಗದ ನಕ್ಷೆ ಕೈಯಲ್ಲಿದ್ದ ಮಾತ್ರಕ್ಕೆ ವಸ್ತು ಅಗ್ಗವಾಗುವುದಿಲ್ಲ.

ಇದೇ ಬರ್ಮಾ ರಂಗದಲ್ಲಿ ಬ್ರಿಟಿಷ್ ಸೇನಾಪತಿ ಜನರಲ್ ಸ್ಲಿಮ್ ಅವರಿಗೆ ಸರಕು ಇಳಿಸಲು ಪ್ಯಾರಾಚೂಟ್ ಸಾಲದೆ ಬಂತು. ಅವರು ಕಲ್ಕತ್ತೆಯ ಸೆಣಬಿನ ಗಿರಣಿಗಳತ್ತ ತಿರುಗಿದರು. ಮಾಮೂಲಿ ಪ್ಯಾರಾಚೂಟಿಗೆ 20 ಪೌಂಡ್ ಆಗುತ್ತಿದ್ದಲ್ಲಿ ಸೆಣಬಿನದು ಒಂದು ಪೌಂಡಿನ ಆಸುಪಾಸಿಗೆ ಮುಗಿಯಿತು. ಮನುಷ್ಯರನ್ನು ಅದಕ್ಕೆ ನೇತುಹಾಕುವಂತಿಲ್ಲ, ಆದರೆ ಅಕ್ಕಿ ಮೂಟೆಗೆ ಧಾರಾಳವಾಯಿತು. ಸರಿಯಾದ ದಾರಿಯಲ್ಲಿ ಕಡತ ಕಳಿಸಲಿಲ್ಲವೆಂದು ಮೇಲಿನವರು ಸ್ಲಿಮ್ ಅವರನ್ನೇ ಗದರಿಸಿದರಂತೆ. ಕಚೇರಿಗಳ ಸ್ವಭಾವ ಎಲ್ಲ ಕಾಲಕ್ಕೂ ಒಂದೇ.

ಗಾಂಧಿ ಬಜಾರಿನಲ್ಲಿ ಮಾರುವ ಮುತ್ತುಗದ ಎಲೆಯನ್ನು ನೋಡಿ. ಸಾರು ಸೋರಬಾರದು, ಅಷ್ಟಕ್ಕೆ ಬೇಕಾದಷ್ಟೇ ಕಡ್ಡಿ ಚುಚ್ಚಿರುತ್ತಾರೆ. ಊಟ ಮುಗಿದ ಮೇಲೂ ಅದು ಉಳಿಯಲೆಂದು ಯಾರೂ ಇನ್ನೊಂದು ಕಡ್ಡಿ ಹಾಕುವುದಿಲ್ಲ. ಬಿಸಾಡುವ ಗ್ಲೈಡರ್‌ನ ವಿನ್ಯಾಸವೂ ಹೀಗೆಯೇ. ಸಾಮಾನ್ಯ ವಿಮಾನದ ರೆಕ್ಕೆ ಸಾವಿರಾರು ಹಾರಾಟ ತಾಳಬೇಕು, ಮಳೆಗೆ ನೆನೆಯಬೇಕು, ಬಿಸಿಲಿಗೆ ಒಣಗಬೇಕು. 1944ರಲ್ಲಿ ಭಾರತಕ್ಕೆ ಬಂದ ಮಾಸ್ಕಿಟೊ ಎಂಬ ಮರದ ಯುದ್ಧವಿಮಾನಗಳ ರೆಕ್ಕೆಗಳು ಕಿತ್ತುಬಂದಾಗ, ನಮ್ಮ ಹವೆಗೆ ಅಂಟು ತಾಳಲಿಲ್ಲವೋ ಕಾರ್ಖಾನೆಯಲ್ಲೇ ಅಂಟಿಸಿದ್ದು ಸರಿಯಿರಲಿಲ್ಲವೋ ಎಂದು ದೊಡ್ಡ ತನಿಖೆಯೇ ನಡೆಯಿತು. ಒಂದೇ ಸಲ ಹಾರುವ ಗ್ಲೈಡರ್‌ಗೆ ಈ ತಲೆನೋವಿಲ್ಲ. ಚಕ್ರ ಬೇಡ, ಬಣ್ಣ ಬೇಡ, ತಿರುಪು ಬಿಚ್ಚಿ ಪರೀಕ್ಷಿಸುವ ಕಿಂಡಿಯೂ ಬೇಡ. ಹೊಟ್ಟೆ ಒಡೆದರೂ ಒಳಗಿನ ಔಷಧಿ ಡಬ್ಬಿ ಉಳಿದರೆ ಸಾಕು.

ಹಾಗಾದರೆ ಪ್ಯಾರಾಚೂಟೇ ಸಾಲದೇ? ಇದಕ್ಕೆ ಉತ್ತರ ಬೆಂಗಳೂರಿನ ಆಕಾಶದಲ್ಲೇ ಇದೆ. 1987ರ ಜೂನ್ 4ರಂದು ಇಲ್ಲಿಂದ ಹೊರಟ ಐದು ಎಎನ್-32 ವಿಮಾನಗಳು ಜಾಫ್ನಾದ ಮೇಲೆ ಸುಮಾರು 25 ಟನ್ ಪರಿಹಾರ ಸಾಮಗ್ರಿ ಉದುರಿಸಿದವು. ಕಾರ್ಯಾಚರಣೆಯ ಹೆಸರು ‘ಪೂಮಾಲೈ’, ಕಾವಲಿಗೆ ಮಿರಾಜ್-2000 ಯುದ್ಧವಿಮಾನಗಳು. ಪ್ಯಾರಾಚೂಟಿಗೆ ಕಟ್ಟಿದ ಮೂಟೆಯನ್ನು ಎತ್ತರದಿಂದ ಬಿಟ್ಟರೆ ಗಾಳಿ ಎತ್ತಲೋ ಒಯ್ಯುತ್ತದೆ. ಗುರಿ ತಲುಪಬೇಕೆಂದರೆ ವಿಮಾನ ಕೆಳಗಿಳಿದು ಬರಲೇಬೇಕು. ಕೆಳಗಿಳಿದರೆ ಗುಂಡಿನ ಭಯ, ಮಲೆನಾಡಿನಂಥ ಕಡೆ ಗುಡ್ಡದ ಭಯ. ಗ್ಲೈಡರ್ ಈ ಲೆಕ್ಕವನ್ನೇ ಬದಲಿಸುತ್ತದೆ. ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಎಂಟು ಕಿಲೋಮೀಟರ್ ಮುಂದೆ ಸಾಗುವಂಥದ್ದಾದರೆ, ಆರು ಕಿಲೋಮೀಟರ್ ಎತ್ತರದಲ್ಲಿ ಬಿಟ್ಟದ್ದು ಎದುರುಗಾಳಿ ಇಲ್ಲದಿದ್ದಾಗ 48 ಕಿಲೋಮೀಟರ್ ದೂರ ಹೋಗಬಲ್ಲದು. ದೊಡ್ಡ ವಿಮಾನ ಅಲ್ಲಿಂದಲೇ ವಾಪಸ್.

ಯುದ್ಧದ ಕಾಲದಲ್ಲಿ ಗ್ಲೈಡರ್‌ಗೆ ಪೈಲಟ್ ಬೇಕಿತ್ತು, ಪೈಲಟ್‌ನನ್ನು ಬಿಸಾಡಲಾಗದು. ಯುದ್ಧದ ನಂತರ ಈ ವಿದ್ಯೆ ಮೂಲೆ ಸೇರಿದ್ದಕ್ಕೆ ಹೆಲಿಕಾಪ್ಟರ್ ಬಂದದ್ದು ಒಂದು ಕಾರಣ, ಇದು ಇನ್ನೊಂದು. ಅದನ್ನು ಮತ್ತೆ ಎಬ್ಬಿಸಿದ್ದು ನಮ್ಮ ಜೇಬಿನ ಮೊಬೈಲ್. ಜಿಪಿಎಸ್ ಚಿಪ್ಪು, ವಾಲಾಟ ಅಳೆಯುವ ಸೆನ್ಸರ್‌ಗಳು ಮೊಬೈಲಿನ ದೆಸೆಯಿಂದ ಕೈಗೆಟುಕುವ ಬೆಲೆಗೆ ಇಳಿದವು. ರೆಕ್ಕೆಯ ಅಂಚು ತಿರುಗಿಸುವ ಪುಟ್ಟ ಸರ್ವೊ ಮೋಟಾರು ಈಗ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆಂದು ಕೊಳ್ಳುವ ಸಾಮಾನು. ಸ್ಯಾನ್ ಫ್ರಾನ್ಸಿಸ್ಕೊದ ಅದರ್‌ಲ್ಯಾಬ್ ಎಂಬ ಸಂಸ್ಥೆ ರಟ್ಟಿನಲ್ಲೇ ಗ್ಲೈಡರ್ ಮಾಡಿ ಅದಕ್ಕೆ ‘ಅಪ್ಸರಾ’ ಎಂದು ಹೆಸರಿಟ್ಟಿತು. ಕತ್ತರಿಸಿದ ಹಾಳೆಗಳನ್ನು ಮಡಚಿ ಜೋಡಿಸಿದರೆ ರೆಕ್ಕೆ ಸಿದ್ಧ. ಹೊರುವುದು ಒಂದು ಕಿಲೊ ಆಸುಪಾಸು, ರಕ್ತವೋ ಲಸಿಕೆಯೋ. ಕ್ಯಾಲಿಫೋರ್ನಿಯಾದ್ದೇ ಆದ ಸೈಲೆಂಟ್ ಆ್ಯರೋ ಸುಮಾರು 700 ಕಿಲೊ ಹೊರುತ್ತದೆ. ಪೆಟ್ಟಿಗೆಯಂತಿರುವ ಅದು ವಿಮಾನದಿಂದ ಜಾರಿದ ಮೇಲೆ ರೆಕ್ಕೆಗಳು ಸ್ಪ್ರಿಂಗ್ ಬಲದಿಂದ ಬಿಚ್ಚಿಕೊಳ್ಳುತ್ತವೆ.

ಈಗಿನ ತೊಡಕು ಮರದ್ದಲ್ಲ. ಪ್ಲೈವುಡ್ ಕೆಳಗಿದ್ದವರ ಒಲೆಗಾದರೂ ಆದೀತು, ರಟ್ಟು ಮಳೆಗೆ ಕರಗೀತು. ಬ್ಯಾಟರಿ, ಸರ್ಕೀಟು ಹಾಗಲ್ಲ. ಬಿದ್ದ ಮೇಲೆ ತಾನಾಗಿ ಮಾಯವಾಗುವ ವಸ್ತುಗಳಿಂದಲೇ ಇಂಥ ವಾಹನ ಮಾಡಲಾದೀತೇ ಎಂದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2015ರಲ್ಲಿ ‘ಇಕಾರಸ್’ ಎಂಬ ಯೋಜನೆ ಪ್ರಕಟಿಸಿತು; ಅಪ್ಸರಾಗೆ ದುಡ್ಡು ಬಂದದ್ದೂ ಅದರಿಂದಲೇ. ರೆಕ್ಕೆಯ ಮಟ್ಟಿಗೆ ಉತ್ತರ ಸಿಕ್ಕಿತು. ಮಿದುಳಿನ ಕೆಲಸ ಮಾಡುವ ಆ ಹಸಿರು ಪಟ್ಟಿಯನ್ನು ಮಾತ್ರ ಇನ್ನೂ ಯಾರಾದರೂ ಹೋಗಿ ಹೆಕ್ಕಿಯೇ ತರಬೇಕು.