ಕೊನೆಗೌಡನ ಕಾಲು ಯಾರ ಲೆಕ್ಕಕ್ಕೆ?

ತೋಟದ ಖರ್ಚಿನ ಪುಸ್ತಕ ನಾನು ತಪ್ಪದೆ ಬರೆಯುತ್ತೇನೆ. ಮೈಲುತುತ್ತ, ಸುಣ್ಣ, ಕೊಟ್ಟೆ, ಗೊಬ್ಬರ, ಕೂಲಿ - ಎಲ್ಲಕ್ಕೂ ಒಂದೊಂದು ಸಾಲು. ಕೆಲಸಗಾರನ ಆರೋಗ್ಯಕ್ಕೆ ಮಾತ್ರ ಸಾಲು ಇರಲಿಲ್ಲ. ಅದರ ಬೆಲೆ ಗೊತ್ತಾದದ್ದು ನಮ್ಮ ಕೊನೆಗೌಡ ಮರದಿಂದ ಬಿದ್ದ ಮೇಲೆ.

ನಮ್ಮದು ಜೊಯಿಡಾ ತಾಲೂಕಿನ ಗುಂದ ಕಡೆ ಎರಡು ಎಕರೆ ಅಡಿಕೆ. ಆ ವರ್ಷ ಮಳೆ ಬೇಗ ಹಿಡಿಯಿತು. ಕೊಟ್ಟೆ ಕಟ್ಟುವುದು ಅರ್ಧ ಬಾಕಿ. "ಮರ ಹಸಿ ಇದೆ, ನಾಳೆ ನೋಡುವಾ" ಅಂದ. "ಕೊಳೆ ಬಂದರೆ ಬೆಳೆಯೇ ಹೋಯ್ತಲ್ಲ" ಅಂದೆ. ಹತ್ತಿದ. ಜಾರಿದ. ಜೀವ ಉಳಿಯಿತು, ತೊಡೆಮೂಳೆ ಮುರಿಯಿತು. ಹುಬ್ಬಳ್ಳಿಗೆ ಒಯ್ದೆವು. ಆತನ ಹತ್ತಿರ ಯಾವ ಕಾರ್ಡೂ ಇರಲಿಲ್ಲ.

ಆಸ್ಪತ್ರೆ, ಗಾಡಿ, ಮನೆಖರ್ಚು ಅಂತ ಕೊಟ್ಟದ್ದನ್ನೆಲ್ಲ ಪುಸ್ತಕದಲ್ಲಿ 'ಮುಂಗಡ' ಎಂದು ಬರೆದೆ. ಏಳು ತಿಂಗಳ ನಂತರ ಕುಂಟುತ್ತ ಬಂದು ಕೇಳಿದ: "ಮುಂಗಡ ತೀರಿಸಲಿಕ್ಕೆ ಯಾವತ್ತಿಂದ ಬರಲಿ?" ನನ್ನ ಅವಸರಕ್ಕೆ ಮುರಿದ ಕಾಲಿನ ಸಾಲವನ್ನು ಆತನೇ ದುಡಿದು ತೀರಿಸಬೇಕೆಂದು ನಾನು ಬರೆದಿಟ್ಟಿದ್ದೆ! ಆ ಸಾಲು ಹೊಡೆದು ಹಾಕಿದೆ.

ದಾಂಡೇಲಿಯ ಲೆಕ್ಕ, ತೋಟದ ಲೆಕ್ಕ

ನಮ್ಮ ಪಕ್ಕದ ದಾಂಡೇಲಿಯಲ್ಲಿ ಕಾರ್ಖಾನೆ ಕೆಲಸಗಾರರಿಗೆ ಇಎಸ್‌ಐ ಆಸ್ಪತ್ರೆ ಇದೆ. 1948ರ ಕಾಯ್ದೆಯಿಂದ ಬಂದ ವ್ಯವಸ್ಥೆ ಅದು. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ 100 ರೂ. ಸಂಬಳಕ್ಕೆ ಮಾಲೀಕರದು 3.25 ರೂ., ಕೆಲಸಗಾರನದು 75 ಪೈಸೆ. ಒಟ್ಟು 4 ರೂ. ಅದರಲ್ಲಿ ಚಿಕಿತ್ಸೆ ಸಿಗುತ್ತದೆ. ಕೆಲಸದಲ್ಲಿ ಪೆಟ್ಟಾದರೆ ಗುಣವಾಗುವ ತನಕ ಶೇ. 90ರಷ್ಟು ಸಂಬಳವೂ ಸಿಗುತ್ತದೆ.

1948ರಲ್ಲೇ ಬಂದ ಕನಿಷ್ಠ ವೇತನ ಕಾಯ್ದೆಯಲ್ಲಿ ಕೃಷಿ ಕೂಲಿಯೂ ಸೇರಿತ್ತು. ಇಎಸ್‌ಐ ಮಾತ್ರ ನಮ್ಮಂಥ ಸಣ್ಣ ತೋಟದೊಳಗೆ ಬರಲಿಲ್ಲ. ಕೊನೆಗೌಡ ಇವತ್ತು ನನ್ನಲ್ಲಿ, ನಾಳೆ ಪಕ್ಕದ ಮನೆಯಲ್ಲಿ. ಎಲ್ಲರ ಬೆಳೆಯನ್ನೂ ಉಳಿಸುವವನು ಅವನೇ. ಬಿದ್ದಾಗ ಮಾತ್ರ ಖರ್ಚು ಒಬ್ಬನ ತಲೆಗೆ, ಇಲ್ಲವೇ ಅವನ ತಲೆಗೆ.

ನಾವು ಮಾಡಿದ್ದು

ಎಂಟು ಮನೆಯವರು ಕೂತು ಮೂರು ಕೆಲಸ ಮಾಡಿದೆವು.

ಒಂದು, ಪ್ರಧಾನಮಂತ್ರಿ ಸುರಕ್ಷಾ ಬಿಮೆ. 18ರಿಂದ 70 ವರ್ಷದವರಿಗೆ, ಬ್ಯಾಂಕು ಅಥವಾ ಅಂಚೆ ಖಾತೆಯಿಂದ. 2022ರ ಜೂನ್‌ನಿಂದ ವರ್ಷಕ್ಕೆ 20 ರೂ. ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕೈಯೋ ಕಾಲೋ ಪೂರ್ತಿ ಹೋದರೆ 1 ಲಕ್ಷ. ಬರೇ ಮೂಳೆ ಮುರಿದರೆ ಏನೂ ಇಲ್ಲ, ಇದು ನೆನಪಿರಲಿ.

ಎರಡು, ಆಸ್ಪತ್ರೆ ಖರ್ಚಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ. 2018ರಲ್ಲಿ ಶುರುವಾದ ಇದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ. ಕಾರ್ಡನ್ನು ಮೊದಲೇ ಮಾಡಿಸಿ ಕೊಡಬೇಕು, ಬಿದ್ದ ಮೇಲಲ್ಲ.

ಮೂರನೆಯದು ಮುಖ್ಯ. ಮಲಗಿದ ದಿನಗಳ ಕೂಲಿಯನ್ನು ಈ ಎರಡೂ ಕೊಡುವುದಿಲ್ಲ. ಅದಕ್ಕೆ ಇಎಸ್‌ಐಯ ಆ 4 ರೂಪಾಯಿಯನ್ನೇ ಎರವಲು ತಂದೆವು. ಸಾವಿರ ರೂಪಾಯಿ ಕೂಲಿ ಕೊಟ್ಟ ದಿನ, ಕೂಲಿ ಮುರಿಯದೆ, ನಮ್ಮ ಕೈಯಿಂದ 40 ರೂ. ಒಂದು ಜಂಟಿ ಖಾತೆಗೆ. ಇದರಿಂದ ಎಲ್ಲ ಆಗುವುದಿಲ್ಲ. ಒಬ್ಬನಿಗೆ ವರ್ಷಕ್ಕೆ 150 ದಿನ ಕೆಲಸವಾದರೆ ಸೇರುವುದು 6,000 ರೂ. ಮಾತ್ರ. ಪೆಟ್ಟಾಗದ ವರ್ಷಗಳ ಹಣ ಕೂಡುತ್ತ ಹೋಗಬೇಕು. ಎಂಟು ಮನೆಯ ಬದಲು ಒಂದು ಸಹಕಾರಿ ಸಂಘದ ಸದಸ್ಯರೆಲ್ಲ ಸೇರಿದರೆ ಇದಕ್ಕೆ ಬಲ ಬರುತ್ತದೆ.

"ಎಲೆಚುಕ್ಕೆ, ಕೊಳೆ, ದರದ ಏರಿಳಿತ. ನಮಗೇ ಲಾಭ ಇಲ್ಲ, ಇದೆಲ್ಲಿಂದ ಕೊಡುವುದು?" ಎಂದು ಕೇಳುವವರಿದ್ದಾರೆ. ನಾನೂ ಕೇಳಿದ್ದೆ. ಆದರೆ ನಮ್ಮ ಕಡೆಯ ಹುಡುಗರು ಕೆಲಸಕ್ಕೆ ಗೋವಾಕ್ಕೆ ಹೋಗುತ್ತಾರೆ, ದಾಂಡೇಲಿಯ ರೆಸಾರ್ಟುಗಳಿಗೆ ಹೋಗುತ್ತಾರೆ. ದೋಟಿ ಬಂದ ಮೇಲೆ ಕೊಯ್ಲು ನೆಲದಿಂದಲೇ ಆದೀತು, ಕೊಟ್ಟೆ ಕಟ್ಟಲು ನಮ್ಮಲ್ಲಿ ಇನ್ನೂ ಮರ ಹತ್ತಲೇಬೇಕು. ಹತ್ತುವವನೇ ಇಲ್ಲದಿದ್ದರೆ ಲಾಭ ಮರದ ತುದಿಯಲ್ಲೇ ಕೊಳೆಯುತ್ತದೆ.

ಈಗ ನಮ್ಮಲ್ಲಿ ಇನ್ನೊಂದು ಕ್ರಮ ಇದೆ. "ಮರ ಹಸಿ ಇದೆ" ಎಂದು ಹತ್ತುವವನು ಹೇಳಿದರೆ ಆ ದಿನ ಹತ್ತುವುದಿಲ್ಲ, ಅರ್ಧ ಕೂಲಿ ಕೊಡುತ್ತೇವೆ. ಪುಸ್ತಕದಲ್ಲಿ ಅದಕ್ಕೂ ಒಂದು ಸಾಲು ಬಂದಿದೆ.

ನಿಮ್ಮೂರಲ್ಲಿ ಇದಕ್ಕಿಂತ ಒಳ್ಳೆಯ ಕ್ರಮ ಇದ್ದರೆ ಬರೆದು ತಿಳಿಸಿ.