ಪ್ರಮಾಣಿಸಿ ನೋಡಿದ ಸುದ್ದಿ

ಪರಸ್ಥಳದಲ್ಲಿ ಮನೆ ಮಾಡಿದವರಿಗೆ ಊರಿನ ಸುದ್ದಿಯ ಹಂಬಲ ಎಷ್ಟೆಂಬುದು ಊರಲ್ಲಿಯೇ ಇರುವವರಿಗೆ ತಿಳಿಯದು. ನಮ್ಮ ಹಿರಿಯರು ಬಿಜಾಪುರ, ಧಾರವಾಡ, ಗದಗುಗಳಿಂದ ಪುಣೆಗೆ ಬಂದು ನೆಲೆಸಿದ ಕಾಲದಲ್ಲಿ ಈ ಹಂಬಲವನ್ನು ತಣಿಸುತ್ತಿದ್ದುದು ಅಂಚೆಯ ಕಾರ್ಡು. ಅದು ಬರುವುದಕ್ಕೆ ದಿನಗಳೇ ಹಿಡಿಯುತ್ತಿದ್ದವು, ನಿಜ. ಆದರೆ ಅದರ ಮೇಲೆ ಊರಿನ ಠಸ್ಸೆ ಇರುತ್ತಿತ್ತು, ತೇದಿ ಇರುತ್ತಿತ್ತು, ಕೊನೆಗೆ ಬರೆದವರ ಹೆಸರಿರುತ್ತಿತ್ತು. ಸುಳ್ಳೆಂದು ಕಂಡರೆ ಯಾರನ್ನು ಕೇಳಬೇಕೆಂಬುದು ಗೊತ್ತಿತ್ತು. ಇಂದು ಅಂಗೈಯೊಳಗಿನ ಫೋನಿಗೆ ಗಳಿಗೆಗೊಂದು ಸುದ್ದಿ ಬರುತ್ತದೆ. ಕಳಿಸಿದವರು ನಮ್ಮ ಸೋದರಮಾವನೋ ಅತ್ತಿಗೆಯೋ ಆಗಿರುತ್ತಾರೆ. ಬರೆದವರು ಯಾರೆಂಬುದು ಅವರಿಗೂ ಗೊತ್ತಿರುವುದಿಲ್ಲ. ಕಳಿಸಿದವರ ಮೇಲಿನ ವಿಶ್ವಾಸವನ್ನು ನಾವು ಬರೆದವರ ಮೇಲೆಯೂ ಇಟ್ಟುಬಿಡುತ್ತೇವೆ. ತೊಡಕೆಲ್ಲ ಇಲ್ಲಿಯೇ ಇದೆ.

ಈ ಮಾತು ಪುಣೆಯ ಕನ್ನಡಿಗರಿಗೆ ಎಷ್ಟು ಹತ್ತಿರದ್ದೆಂಬುದನ್ನು ೨೦೨೨ರ ಡಿಸೆಂಬರ್ ತಿಂಗಳು ತೋರಿಸಿಕೊಟ್ಟಿತು. ಗಡಿಯ ವಾದ ಮತ್ತೆ ಬಿಸಿಯೇರಿತ್ತು. ೬ನೆಯ ತಾರೀಖು ಬೆಳಗಾವಿಯ ಬಳಿಯ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ಇತ್ತ ಪುಣೆಯ ಸ್ವಾರಗೇಟಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಇವೆರಡೂ ನಡೆದ ಸಂಗತಿಗಳೇ. ಆದರೆ ನಡೆದುದರ ಬೆನ್ನಿಗೆ ನಡೆಯದುದೂ ಹೊರಟಿತು. ಡಿಸೆಂಬರ್ ೧೪ರಂದು ಕೇಂದ್ರದ ಗೃಹಮಂತ್ರಿ ಅಮಿತ್ ಶಾ ಅವರು ದಿಲ್ಲಿಯಲ್ಲಿ ಆಗಿನ ಮುಖ್ಯಮಂತ್ರಿಗಳಾದ ಬಸವರಾಜ ಬೊಮ್ಮಾಯಿ ಮತ್ತು ಏಕನಾಥ ಶಿಂದೆ ಇಬ್ಬರನ್ನೂ ಕೂಡಿಸಿ ಮಾತನಾಡಿದರು. ದೊಡ್ಡ ನಾಯಕರ ಹೆಸರಿನಲ್ಲಿ ತೆರೆದ ನಕಲಿ ಟ್ವಿಟರ್ ಖಾತೆಗಳೂ ಈ ಉರಿಗೆ ಎಣ್ಣೆ ಹೊಯ್ದಿವೆಯೆಂದು ಸಭೆಯ ತರುವಾಯ ಅವರೇ ಹೇಳಿದರು. ಮಂತ್ರಿಗಳ ಮಾತೆಂದು ತಿಳಿದು ನೊಂದವರು, ಸಿಟ್ಟಾದವರು ಎರಡೂ ಕಡೆ ಎಷ್ಟು ಮಂದಿಯೋ! ಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಡಬೇಕೇ ಬೇಡವೇ, ಬಸ್ಸಿನಲ್ಲಿ ಕನ್ನಡ ಮಾತನಾಡಬೇಕೇ ಬೇಡವೇ ಎಂಬ ಪ್ರಶ್ನೆ ಬಂದಾಗ, ಸುದ್ದಿ ನಿಜವೋ ಸುಳ್ಳೋ ಎಂಬುದು ಬರಿಯ ಹರಟೆಯ ವಿಷಯವಾಗಿ ಉಳಿಯುವುದಿಲ್ಲ.

ಇದಕ್ಕೂ ಹತ್ತು ವರ್ಷಗಳ ಹಿಂದಿನ ಪ್ರಸಂಗ ಇನ್ನೂ ಕಠಿಣವಾದುದು. ೨೦೧೨ರ ಜುಲೈಯಲ್ಲಿ ಅಸ್ಸಾಮಿನ ಕೊಕ್ರಝಾರ್ ಸೀಮೆಯಲ್ಲಿ ಗಲಭೆಯಾಗಿ ಲಕ್ಷಗಟ್ಟಲೆ ಜನ ನಿರಾಶ್ರಿತರಾದರು. ಆಗಸ್ಟಿನಲ್ಲಿ ಪುಣೆಯಲ್ಲಿ ಈಶಾನ್ಯದ ಕೆಲವು ತರುಣರ ಮೇಲೆ ಹಲ್ಲೆಗಳಾದವು. ಅಷ್ಟು ನಿಜ. ರಮಜಾನ್ ಮುಗಿದೊಡನೆ ಈಶಾನ್ಯದವರೆಲ್ಲರ ಮೇಲೂ ದಾಳಿಯಾಗುವುದೆಂಬ ಸಂದೇಶಗಳು ಆ ನಿಜದ ಬೆನ್ನೇರಿ ಫೋನಿನಿಂದ ಫೋನಿಗೆ ಹಾರಿದವು. ಆಗಸ್ಟ್ ೧೫ರ ರಾತ್ರಿ ಬೆಂಗಳೂರಿನ ರೈಲ್ವೆ ನಿಲ್ದಾಣದಲ್ಲಿ ಸಾವಿರಾರು ಜನ ಗಂಟುಮೂಟೆಯೊಡನೆ ನೆರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಪುಣೆಯಿಂದಲೂ ಜನ ಹೊರಟರು. ಆಗಿನ ಗೃಹಮಂತ್ರಿ ಆರ್. ಅಶೋಕ ಅವರು ನಿಲ್ದಾಣಕ್ಕೇ ಹೋಗಿ ಧೈರ್ಯ ಹೇಳಿದರೂ ಹೊರಟವರು ನಿಲ್ಲಲಿಲ್ಲ. ೧೭ರಂದು ಕೇಂದ್ರ ಸರಕಾರವು ಒಮ್ಮೆಗೆ ಐದಕ್ಕಿಂತ ಹೆಚ್ಚು ಜನರಿಗೆ ಸಂದೇಶ ಕಳಿಸಬಾರದೆಂದು ಹದಿನೈದು ದಿನಗಳ ಕಟ್ಟು ಹಾಕಿತು. ಹೆದರಿಸಿದಂಥ ಸಾಮೂಹಿಕ ದಾಳಿ ನಡೆಯಲೇ ಇಲ್ಲ. ಆದರೆ ಬಿಟ್ಟುಹೋದ ಕೆಲಸ, ಕೈಬಿಟ್ಟ ಪಗಾರ, ಮುರಿದ ಓದು? ಅವನ್ನು ಯಾರು ತುಂಬಿಕೊಡಬೇಕು?

ಆ ಜನರನ್ನು ದಡ್ಡರೆಂದು ಜರಿಯುವುದು ನ್ಯಾಯವಲ್ಲ. ಅವರು ನಮ್ಮಂತೆಯೇ ಹೊಟ್ಟೆಪಾಡಿಗೆ ಪರಸ್ಥಳಕ್ಕೆ ಬಂದವರು. ಅವರಲ್ಲಿ ಅನೇಕರಿಗೆ “ಇದು ನಿಜವೇನ್ರೀ?” ಎಂದು ಕೇಳುವುದಕ್ಕೆ ಆ ಊರಿನಲ್ಲಿ ತಮ್ಮವರೆಂಬವರು ಯಾರೂ ಇರಲಿಲ್ಲ. ಕೇಳುವುದಕ್ಕೆ ಜನವಿಲ್ಲದವನ ಮೇಲೆಯೇ ವದಂತಿ ಮೊದಲು ಎರಗುತ್ತದೆ.

ಸರಕಾರಿ ಕಚೇರಿಯ ಕಾರಕೂನನಾದ ನನಗೆ ಈ ವಿಷಯದಲ್ಲಿ ನಮ್ಮ ಆವಕ-ಜಾವಕ ವಹಿಯೇ ಗುರು. ಬಂದ ಕಾಗದಕ್ಕೆ ನಂಬರಿದೆಯೇ, ತೇದಿಯಿದೆಯೇ, ಯಾವ ಕಚೇರಿಯದು, ಕೆಳಗೆ ಯಾರ ಸಹಿಯಿದೆ ಎಂದು ನೋಡದೆ ನಾವು ಅದನ್ನು ಮುಂದಿನ ಮೇಜಿಗೆ ಕಳಿಸುವುದಿಲ್ಲ. ಸರಕಾರದ ಆಜ್ಞೆಯೆಂದು ಫೋನಿನಲ್ಲಿ ಬಂದ ಕಾಗದಕ್ಕೂ ಇದೇ ಪರೀಕ್ಷೆ ಸಲ್ಲಬೇಕು. ಅದರ ಮೂಲವನ್ನು ಆಯಾ ಇಲಾಖೆಯ ಜಾಲತಾಣದಲ್ಲಿ ಹುಡುಕಿರಿ; ಸರಕಾರದ ತಾಣಗಳ ವಿಳಾಸ ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಇಲ್ಲವೆ ‘ನಿಕ್ ಡಾಟ್ ಇನ್’ ಎಂದು ಮುಗಿಯುತ್ತದೆ. ವಾಟ್ಸ್‌ಆಪ್‌ನಲ್ಲಿ ಹಲವು ಕೈ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತಿರುತ್ತದೆ. ಅದನ್ನು ಕಂಡರೆ, ಬರೆದವರು ನಿಮ್ಮ ಪರಿಚಯದವರಲ್ಲವೆಂದು ತಿಳಿಯಿರಿ.

ಚಿತ್ರವಿದೆಯೆಂದು ಮಾತ್ರಕ್ಕೆ ನಂಬಲಾಗದು. ಚೀನಾದ ಯುಶು ಎಂಬಲ್ಲಿ ೨೦೧೦ರ ಏಪ್ರಿಲ್‌ನಲ್ಲಿ ಭೂಕಂಪವಾದಾಗ ಸತ್ತವರ ಶವಗಳ ನಡುವೆ ಟಿಬೆಟಿನ ಭಿಕ್ಷುಗಳು ನಿಂತಿದ್ದ ಚಿತ್ರವೊಂದು ೨೦೧೨ರಲ್ಲಿ ಬರ್ಮಾದ ಗಲಭೆಯ ಚಿತ್ರವೆಂದು ದೇಶದೇಶಗಳಲ್ಲಿ ಸುತ್ತಾಡಿತು. ಚಿತ್ರ ಸುಳ್ಳಲ್ಲ, ಅದರ ಕೆಳಗಿನ ಬರಹ ಸುಳ್ಳು. ಇಂಥ ಚಿತ್ರವನ್ನು ಗೂಗಲ್ ಲೆನ್ಸಿಗೆ ಕೊಟ್ಟರೆ ಅದು ಹಿಂದೆ ಎಲ್ಲೆಲ್ಲಿ ಕಾಣಿಸಿತ್ತೆಂಬುದು ಬಹಳ ಸಲ ತಿಳಿದುಬರುತ್ತದೆ. ನಿಮಗೆ ಬಾರದಿದ್ದರೆ ಮನೆಯ ಮಕ್ಕಳನ್ನು ಕೇಳಿರಿ. ಅವರು ಸಂತೋಷದಿಂದ ಮಾಡಿಕೊಡುತ್ತಾರೆ.

ಇನ್ನು ಹಿರಿಯರು ಕಳಿಸಿದ್ದು ಸುಳ್ಳೆಂದು ತಿಳಿದಾಗ ಏನು ಮಾಡಬೇಕು? ಗುಂಪಿನಲ್ಲಿ ಎಲ್ಲರೆದುರು ತಿದ್ದುವುದು ಸಲ್ಲದು. ಮನಸ್ಸು ಮುರಿಯುತ್ತದೆ, ಸುಳ್ಳು ಮಾತ್ರ ಹಾಗೆಯೇ ಉಳಿಯುತ್ತದೆ. “ಕಾಕಾ, ಇದು ನಿಮಗೆ ಎಲ್ಲಿಂದ ಬಂತು?” ಎಂದು ಪ್ರತ್ಯೇಕವಾಗಿ ಫೋನು ಮಾಡಿ ಕೇಳಿದರೆ ಅವರೇ ಯೋಚಿಸತೊಡಗುತ್ತಾರೆ. ತಪ್ಪೆಂದು ಅವರೇ ಗುಂಪಿನಲ್ಲಿ ಬರೆದರೆ ಅವರ ಮಾನವೂ ಉಳಿಯಿತು, ಹತ್ತು ಮನೆಗಳಿಗೆ ಉಪಕಾರವೂ ಆಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಳೆಯ ಗಾದೆ. ಪ್ರಮಾಣಿಸುವುದಕ್ಕೆ ಯಂತ್ರವೂ ಬೇಕು, ಮನುಷ್ಯರೂ ಬೇಕು. ಗಡಿಯ ಗದ್ದಲ ಮತ್ತೆ ಎದ್ದರೆ ಬಸ್ಸು ಹೊರಡುವುದೇ ಎಂದು ನಿಲ್ದಾಣವನ್ನು ಕೇಳಿರಿ. ರಸ್ತೆ ಹೇಗಿದೆಯೆಂದು ಕೊಲ್ಹಾಪುರದ, ಬೆಳಗಾವಿಯ ನೆಂಟರನ್ನು ಕೇಳಿರಿ. ಪೇಟೆ ಶಾಂತವಾಗಿದೆಯೇ ಎಂದು ಎದುರು ಮನೆಯ ಮರಾಠಿ ವಹಿನಿಯವರನ್ನು ಕೇಳಿರಿ. ಆದರೆ ಅವರ ಬಾಗಿಲನ್ನು ಆ ದಿನವೇ ಮೊದಲ ಸಲ ತಟ್ಟುವಂತಾಗಬಾರದು. ಆ ಬಳಕೆಯನ್ನು ಸಂಕ್ರಾಂತಿಯ ಎಳ್ಳುಬೆಲ್ಲ ಕೊಡುವಾಗಿನಿಂದಲೇ ಇಟ್ಟುಕೊಂಡಿರಬೇಕು.