ತುರಿಕೆಯ ಬಳ್ಳಿಯಲ್ಲಿ ನಡುಕದ ಮದ್ದು

ಕರಾವಳಿಯ ಊರುಗಳಲ್ಲಿ ಬಾಲ್ಯ ಕಳೆದ ನಮ್ಮಂಥವರಿಗೆ ನಸುಗುನ್ನಿಯ ಹೆಸರು ಕೇಳಿದರೇ ಮೈ ತುರಿಸತೊಡಗುತ್ತದೆ. ಬೇಲಿ, ಕುರುಚಲು ಕಾಡುಗಳ ಮೇಲೆ ಹಬ್ಬುವ ಈ ಬಳ್ಳಿಯಲ್ಲಿ ಮಳೆಗಾಲ ಕಳೆದ ಮೇಲೆ ನೇರಳೆ ಹೂಗೊಂಚಲು, ಆಮೇಲೆ ಕಂದು ರೋಮ ಹೊದ್ದ ಡೊಂಕು ಕಾಯಿ. ಒಣಗಿದ ಕಾಯಿಯ ರೋಮ ಗಾಳಿಯಲ್ಲಿ ತೂರಿಬಂದು ತಗುಲಿದರೂ ಸಾಕು! ಅದರಲ್ಲಿರುವ ಮ್ಯೂಕುನೈನ್ ಎಂಬ ಪ್ರೋಟೀನು ಈ ಪಾಡಿಗೆ ಕಾರಣ. ಸಾಮಾನ್ಯ ಅಲರ್ಜಿ ಮಾತ್ರೆಗೆ ಈ ತುರಿಕೆ ಅಷ್ಟಾಗಿ ಜಗ್ಗುವುದಿಲ್ಲ.

ಹಿಂದೆ ಇದೇ ರೋಮವನ್ನು ಜೇನಿನಲ್ಲಿ ಕಲಸಿ ಹೊಟ್ಟೆಹುಳಕ್ಕೆ ಕೊಡುತ್ತಿದ್ದರು (ಈಗ ಯಾರೂ ಪ್ರಯೋಗಿಸಬೇಡಿ). ಆಯುರ್ವೇದದಲ್ಲಿ ಇದು ಕಪಿಕಚ್ಛು, ಆತ್ಮಗುಪ್ತಾ. ಬೀಜವನ್ನು ಹಾಲಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಪುಡಿ ಮಾಡಿ ಶಕ್ತಿವರ್ಧಕವಾಗಿಯೂ ಕೈಕಾಲು ನಡುಗುವ ಕಂಪವಾತಕ್ಕೂ ಕೊಡುವುದು ವಾಡಿಕೆ.

1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು ಈ ಬೀಜದಿಂದ ಲೆವೊಡೋಪಾ ಬೇರ್ಪಡಿಸಿದರು. ಅದೇ ವಸ್ತು ಪಾರ್ಕಿನ್ಸನ್ ಕಾಯಿಲೆಗೆ ಮುಖ್ಯ ಮದ್ದಾದದ್ದು 1960ರ ದಶಕದಲ್ಲಿ. 2004ರಲ್ಲಿ ಪ್ರಕಟವಾದ ಲಂಡನಿನ ಅಧ್ಯಯನವೊಂದರಲ್ಲಿ 8 ರೋಗಿಗಳಿಗೆ 30 ಗ್ರಾಂ ಬೀಜದ ಪುಡಿ ಕೊಟ್ಟಾಗ ಅದು ಮಾತ್ರೆಗಿಂತ ಬೇಗ ಕೆಲಸ ಮಾಡಿತು. ಅಜ್ಜಿಮದ್ದೆಂದು ನಗುವ ನನ್ನ ವೃತ್ತಿಬಾಂಧವರು ಇದನ್ನು ಗಮನಿಸಬೇಕು.

ಆದರೆ ನನ್ನ ಚಿಂತೆ ಬೇರೆ. ರಜೆ ಮುಗಿಸಿ ಬರುವವರ ಪೆಟ್ಟಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿಯ ಜೊತೆ ಈ ಪುಡಿಯೂ ಬಹರೈನಿಗೆ ಬರುತ್ತದೆ. ಇಲ್ಲಿ ಮಕ್ಕಳೊಂದಿಗಿರುವ ಹಿರಿಯರು ಮಾತ್ರೆಯ ಮೇಲೆ ಇದನ್ನೂ ಸೇವಿಸುತ್ತಾರೆ. ಗಿಡಮೂಲಿಕೆ ತಾನೇ ಎಂದು ವೈದ್ಯರಿಗೆ ಹೇಳುವುದಿಲ್ಲ. ಬೀಜದಲ್ಲಿ ಲೆವೊಡೋಪಾ ಸುಮಾರು ಶೇ. 4ರಿಂದ 6. ಎಂದರೆ 5 ಗ್ರಾಂ ಪುಡಿಯಲ್ಲಿ 200ರಿಂದ 300 ಮಿಲಿಗ್ರಾಂ. ಬರೀ ಪುಡಿ ತಿಂದರೆ ಇದರ ಬಹುಪಾಲು ಮೆದುಳು ತಲುಪುವ ಮುನ್ನವೇ ಒಡೆದುಹೋಗುತ್ತದೆ. ಹಾಗಾಗದಂತೆ ಮಾತ್ರೆಯಲ್ಲಿ ಕಾರ್ಬಿಡೋಪಾದಂಥ ಕಾವಲುಗಾರನನ್ನು ಸೇರಿಸಿರುತ್ತಾರೆ. ಎರಡನ್ನೂ ಒಟ್ಟಿಗೆ ತಿಂದರೆ ಆ ಕಾವಲು ಪುಡಿಗೂ ಸಿಕ್ಕಿ ಡೋಸು ಮಿತಿ ಮೀರಬಹುದು! ಎದ್ದು ನಿಂತೊಡನೆ ತಲೆಸುತ್ತಿ ಬೀಳುವುದು, ಕೈಕಾಲು ತಾನಾಗಿ ಕುಣಿಯುವುದು, ಇಲ್ಲದ್ದು ಕಣ್ಣಿಗೆ ಕಾಣುವುದು ಇದರ ಲಕ್ಷಣಗಳು. ಕಾಯಿಲೆಯೇ ಹೆಚ್ಚಾಯಿತೆಂದು ಹೆದರಿ ಮನೆಯವರು ಇನ್ನೊಂದು ಚಮಚ ಕೊಟ್ಟರೆ ಗತಿಯೇನು?

ಆದುದರಿಂದ ಪುಡಿಯ ಡಬ್ಬಿಯನ್ನೇ ವೈದ್ಯರ ಮುಂದಿಡಿ. ಮಾತ್ರೆಯನ್ನಾಗಲಿ, ಬಹುದಿನ ತಿಂದ ಪುಡಿಯನ್ನಾಗಲಿ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಮೈ ಸೆಟೆದು, ಜ್ವರ ಬಂದು ಆಸ್ಪತ್ರೆ ಸೇರಬೇಕಾದೀತು. ಡಬ್ಬಿಯ ಮೇಲೆ ನಸುಗುನ್ನಿ ಎಂದೇ ಇರಬೇಕೆಂದಿಲ್ಲ. ಕಪಿಕಚ್ಛು, ಕೌಂಚ್, ಮ್ಯೂಕುನಾ ಎಂದಿದ್ದರೂ ಅದು ಇದೇ ಬಳ್ಳಿ.